ಬೇಟೆಗಾರನ ಪಟ್ಟಿ, ರೈತನ ಪಟ್ಟಿ

'ಸಫಾರಿ' ಅಂದರೆ ನಮ್ಮವರಿಗೆ ಮೂರು ಅರ್ಥ. ಒಂದು, ನಮ್ಮ ಅಪ್ಪಂದಿರು ಮದುವೆ ಮನೆಗೆ ಹಾಕಿಕೊಂಡು ಹೋಗುತ್ತಿದ್ದ ಅರ್ಧ ತೋಳಿನ ಸೂಟು. ಎರಡು, ಟಾಟಾ ಕಂಪನಿಯ ಗಾಡಿ. ಮೂರು, ಬನ್ನೇರುಘಟ್ಟದಲ್ಲಿ ಜಾಲರಿ ಬಡಿದ ಬಸ್ಸಿನಲ್ಲಿ ಕೂತು ಸಿಂಹ ನೋಡಿ ಬರುವುದು. ಮೂಲದಲ್ಲಿ ಇದು ಸ್ವಾಹಿಲಿ ಪದ. ಪ್ರಯಾಣ ಎಂದರ್ಥ. ಅರಬ್ಬಿಯ 'ಸಫರ್'ನಿಂದ ಬಂದದ್ದು. ಹಳೇ ಹಿಂದಿ ಹಾಡು ಕೇಳಿದವರಿಗೆಲ್ಲ ಗೊತ್ತಿರುವ ಪದವೇ. ಆದರೆ ಟೆಕ್ಸಸ್‌ನಲ್ಲಿರುವ ನನ್ನ ಸಹೋದ್ಯೋಗಿಯೊಬ್ಬನಿಗೆ ಸಫಾರಿ ಅಂದರೆ ಒಂದೇ ಅರ್ಥ. ಬಂದೂಕು ತೆಗೆದುಕೊಂಡು ಆಫ್ರಿಕಾಕ್ಕೆ ಹೋಗುವುದು.

ಪುಣೆಯ ನನ್ನ ಮನೆಯಲ್ಲಿ ರಾತ್ರಿ ಒಂಬತ್ತಾದಾಗ ಅವನಿಗೆ ಬೆಳಗಿನ ಹತ್ತೂವರೆ. ವಿಡಿಯೋ ಕಾಲ್‌ನಲ್ಲಿ ಅವನ ಹಿಂದಿನ ಗೋಡೆಯ ಮೇಲೆ ಸುರುಳಿ ಸುರುಳಿಯಾದ ಎರಡು ದೊಡ್ಡ ಕೊಂಬು ಕಾಣುತ್ತವೆ. ಒಂದು ದಿನ, ಉಳಿದವರು ಸೇರುವ ಮೊದಲು, ಅದೇನೆಂದು ಕೇಳಿದೆ. ಹತ್ತು ನಿಮಿಷದಲ್ಲಿ ತನಗೆ ಇಷ್ಟವಾದ ಬೇಟೆಯ ಪ್ರಾಣಿಗಳ ಪಟ್ಟಿಯನ್ನೇ ಕೊಟ್ಟ. ನಾವು ದರ್ಶಿನಿಗಳಲ್ಲಿ ಎಲ್ಲಿ ಯಾವ ದೋಸೆ ಚೆನ್ನ ಅಂತ ಹೇಳುವಷ್ಟೇ ಸಲೀಸಾಗಿ. ಬೇಟೆ ಅಂದರೆ ಕೂಡಲೇ ಮುಖ ಸಿಂಡರಿಸುವ ಜನ ನಾವು. ಆದರೂ ಆ ಪಟ್ಟಿ ಹಿಡಿದು ಕೆಲವು ತಿಂಗಳು ಓದಿದೆ. ಓದಿದಷ್ಟೂ ಅದು ಹಾಸನ ಜಿಲ್ಲೆಯ ನಮ್ಮ ಚಿಕ್ಕಪ್ಪನ ಗದ್ದೆಯ ಹತ್ತಿರ ಹತ್ತಿರ ಬಂತು. ಹೇಗೆ ಅಂತ ಹೇಳುತ್ತೇನೆ.

ಮೊದಲು ಪಟ್ಟಿ. 'ಬಿಗ್ ಫೈವ್' ಎಂಬ ಮಾತನ್ನು ನೀವು ಟೂರ್ ಪ್ಯಾಕೇಜಿನ ಜಾಹೀರಾತುಗಳಲ್ಲಿ ನೋಡಿರುತ್ತೀರಿ. ಸಿಂಹ, ಚಿರತೆ, ಆನೆ, ಘೇಂಡಾಮೃಗ ಮತ್ತು ಆಫ್ರಿಕಾದ ಕಾಡೆಮ್ಮೆ. ಜಿರಾಫೆಯಂಥ ಎತ್ತರದ ಪ್ರಾಣಿ ಯಾಕಿಲ್ಲ, ನೀರಾನೆ ಯಾಕಿಲ್ಲ ಎಂದು ನನಗೆ ಅನುಮಾನವಿತ್ತು. ಈ ಪಟ್ಟಿ ಮಾಡಿದವರು ಪ್ರವಾಸಿಗರಲ್ಲ, ಬೇಟೆಗಾರರು. ಕಾಲ್ನಡಿಗೆಯಲ್ಲಿ ಹೋಗಿ ಹೊಡೆಯಲು ಯಾವುದು ಅತಿ ಕಷ್ಟ, ಯಾವುದು ಅತಿ ಅಪಾಯ ಎಂಬುದೇ ಅವರ ಲೆಕ್ಕ. ಕ್ಯಾಮೆರಾದವರು ಅದನ್ನು ಆಮೇಲೆ ಎರವಲು ಪಡೆದರು.

ಐದರಲ್ಲಿ ಬೇಟೆಗಾರರು ಅತಿ ಹೆಚ್ಚು ಕಥೆ ಹೇಳುವುದು ಕಾಡೆಮ್ಮೆಯ ಬಗ್ಗೆ. ನಮ್ಮ ಹಟ್ಟಿಯ ಎಮ್ಮೆಯ ಮೂಲ ಏಷ್ಯಾದ ಕಾಡೆಮ್ಮೆ. ಆಫ್ರಿಕಾದ್ದು ಬೇರೆಯೇ ಕುಲ, ಅದನ್ನು ಯಾರೂ ಪಳಗಿಸಲಿಲ್ಲ. ವಯಸ್ಸಾದ ಕೋಣಗಳಲ್ಲಿ ಎರಡು ಕೊಂಬಿನ ಬುಡ ಹಣೆಯ ಮೇಲೆ ಕೂಡಿಕೊಂಡು ಹೆಲ್ಮೆಟ್ಟಿನಂತೆ ಗಟ್ಟಿಯಾಗುತ್ತದೆ. ಗಾಯಗೊಂಡ ಕೋಣ ಓಡಿಹೋಗದೆ ಪೊದೆಯಲ್ಲಿ ನಿಂತು, ಹಿಂಬಾಲಿಸಿ ಬಂದವನ ಮೇಲೆಯೇ ನುಗ್ಗುತ್ತದೆ ಎನ್ನುತ್ತಾರೆ. ಹಿಂಡಿನಿಂದ ಹೊರಬಿದ್ದು, ಕೆಸರಿನಲ್ಲಿ ಹೊರಳಿಕೊಂಡು, ಎರಡು ಮೂರು ಜೊತೆಯಾಗಿ ಅಲೆಯುವ ಈ ಮುದಿ ಕೋಣಗಳಿಗೆ ಅಲ್ಲಿ 'ಡಗ್ಗಾ ಬಾಯ್ಸ್' ಎಂದು ಹೆಸರು. ಡಗ್ಗಾ ಅಂದರೆ ಕೆಸರು. ಬೇಟೆಗಾರರು ಹುಡುಕುವುದು ಇವುಗಳನ್ನೇ. ಕೊಂಬು ಗಟ್ಟಿ, ಮತ್ತು ಸಂತಾನದ ಕೆಲಸ ಮುಗಿದಿರುವುದರಿಂದ ಹಿಂಡಿಗೆ ನಷ್ಟ ಕಡಿಮೆ.

ಗೋಡೆಯ ಮೇಲಿದ್ದ ಸುರುಳಿ ಕೊಂಬು ಕೂಡೂ ಎಂಬ ಪ್ರಾಣಿಯದು. ಚಿಗರೆಯ ಬಳಗ, ಆದರೆ ಗಾತ್ರದಲ್ಲಿ ನಮ್ಮ ಕಡವೆಯಷ್ಟಿರುತ್ತದೆ. ಬೂದು ಮೈ, ಅದರ ಮೇಲೆ ಸುಣ್ಣದ ಗೆರೆ ಎಳೆದಂಥ ಪಟ್ಟೆ. ನಮ್ಮ ಕಡವೆಯ ಕೊಂಬು ವರ್ಷಾವರ್ಷ ಉದುರಿ ಮತ್ತೆ ಬರುತ್ತದೆ. ಕೂಡೂವಿನದು ಜೀವಮಾನಕ್ಕೆ ಒಂದೇ. ಪೂರ್ತಿ ಬೆಳೆಯಲು ಆರೇಳು ವರ್ಷ ಬೇಕು, ಬೆಳೆದರೆ ಎರಡೂವರೆ ಸುತ್ತು. ಮುಳ್ಳುಕಂಟಿಯ ನಡುವೆ ಅಲುಗಾಡದೆ ನಿಂತರೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲವಂತೆ. ಅದಕ್ಕೇ 'ಬೂದು ಭೂತ' ಎಂಬ ಅಡ್ಡಹೆಸರು. ಹೆಮಿಂಗ್ವೇ 1933ರ ಕೊನೆಯಲ್ಲಿ ಪೂರ್ವ ಆಫ್ರಿಕಾಕ್ಕೆ ಹೋದವನು ಕೂಡೂವಿನ ಹಿಂದೆ ಅಲೆದದ್ದನ್ನೇ 1935ರಲ್ಲಿ ಒಂದು ಪುಸ್ತಕ ಮಾಡಿದ.

ಪಟ್ಟಿಯ ಉಳಿದವು ಅಡುಗೆಮನೆಗೆ ಹತ್ತಿರ. ಈಲ್ಯಾಂಡ್ ಚಿಗರೆ ಜಾತಿಯಲ್ಲೇ ಅತಿ ದೊಡ್ಡದು. ದೊಡ್ಡ ಗಂಡು ಎಂಟುನೂರು ಒಂಬೈನೂರು ಕೆಜಿ ತೂಗುತ್ತದೆ. ಅದರ ಮಾಂಸಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಬಹಳ ಬೆಲೆ. ಓರಿಕ್ಸ್, ಇಂಪಾಲಾ, ಸ್ಪ್ರಿಂಗ್‌ಬಕ್, ಕಾಡುಹಂದಿಯ ದೂರದ ನೆಂಟ ವಾರ್ಟ್‌ಹಾಗ್, ಇವೆಲ್ಲ ಮೊದಲ ಸಲ ಹೋಗುವವರ ಪಟ್ಟಿ. ಚಿರತೆಯ ಬೇಟೆ ಬೇರೆ ಥರ. ಮರಕ್ಕೆ ಸತ್ತ ಇಂಪಾಲಾ ಕಟ್ಟಿ, ದೂರದ ಮರೆಯಲ್ಲಿ ಉಸಿರು ಬಿಗಿಹಿಡಿದು ದಿನಗಟ್ಟಲೆ ಕಾಯುವುದು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದ ನಮಗೆ ಆ ಕಾಯುವಿಕೆಯ ರುಚಿ ಗೊತ್ತು. ವ್ಯತ್ಯಾಸ ಇಷ್ಟೇ. ಆಂಡರ್ಸನ್ ನರಭಕ್ಷಕಗಳ ಕಥೆ ಹೇಳಿದರು. ಇಲ್ಲಿ ಚಿರತೆ ಯಾರಿಗೂ ಏನೂ ಮಾಡಿರಬೇಕಾಗಿಲ್ಲ.

ಹಳೆಯ ಕಾಲದ ಸಫಾರಿಯ ಪ್ರಮಾಣ ಓದಿದರೆ ಗಾಬರಿಯಾಗುತ್ತದೆ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಕೂಡಲೇ, 1909ರಲ್ಲಿ, ಥಿಯೋಡೋರ್ ರೂಸ್‌ವೆಲ್ಟ್ ಮಗನ ಜೊತೆ ಆಫ್ರಿಕಾಕ್ಕೆ ಹೋದ. ಅಪ್ಪ ಮಗ ಇಬ್ಬರೇ ಹೊಡೆದದ್ದು 512 ಪ್ರಾಣಿ. ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ ಎಂಬುದು ಕಾರಣ. ನಾವೇನೂ ಹಿಂದೆ ಬಿದ್ದಿರಲಿಲ್ಲ. ಸತ್ತ ಹುಲಿ ಚಿರತೆಗಳಿಗೆ ಜೀವ ಇದ್ದಂತೆ ಚರ್ಮ ತುಂಬಿಕೊಡುವುದರಲ್ಲಿ ಜಗತ್ತಿಗೇ ಹೆಸರಾಗಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ಇದ್ದದ್ದು ನಮ್ಮ ಮೈಸೂರಿನಲ್ಲಿ. 1999ರಲ್ಲಿ ಅದು ಮುಚ್ಚಿತು. ಇಂದಿನ ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಅಧ್ಯಾಯ ಮುಗಿಯಿತು.

ಆಫ್ರಿಕಾದಲ್ಲಿ ಮುಗಿಯಲಿಲ್ಲ. ಅಲ್ಲಿನ ದೇಶಗಳು ಎರಡು ದಾರಿ ಹಿಡಿದವು. ಕೀನ್ಯಾ 1977ರಲ್ಲಿ ಬೇಟೆಯನ್ನು ಪೂರ್ತಿ ನಿಷೇಧಿಸಿತು. ನಮೀಬಿಯಾ 1996ರಲ್ಲಿ ಕಾನೂನು ತಿದ್ದಿ, ಹಳ್ಳಿಯವರು ಗಡಿ ಗುರುತಿಸಿಕೊಂಡು, ಸಮಿತಿ ಮಾಡಿಕೊಂಡು ನೋಂದಾಯಿಸಿದರೆ ಆ ನೆಲದ ಕಾಡುಪ್ರಾಣಿಗಳಿಂದ ಬರುವ ವರಮಾನ ಅವರದೇ ಎಂದಿತು. ಪ್ರವಾಸಿಗರ ಲಾಡ್ಜ್‌ನಿಂದ ಬಂದರೂ ಸರಿ, ಬೇಟೆಯಿಂದ ಬಂದರೂ ಸರಿ. ಇಂಥ 86 ಸಂರಕ್ಷಣಾ ವಲಯಗಳು ಈಗ ಅಲ್ಲಿವೆ. ಸರಕಾರ ವರ್ಷಕ್ಕೆ ಇಷ್ಟು ಎಂದು ಕೋಟಾ ಕೊಡುತ್ತದೆ. ಬೇಟೆಗಾರ ಕೊಂಬು ಚರ್ಮ ಒಯ್ಯುತ್ತಾನೆ, ಮಾಂಸ ಹಳ್ಳಿಯಲ್ಲಿ ಹಂಚಿಕೆಯಾಗುತ್ತದೆ, ಹಣದಲ್ಲಿ ಕಾವಲುಗಾರರ ಸಂಬಳ ಹೋಗುತ್ತದೆ. ಒಂದು ಕಾಡೆಮ್ಮೆಯ ಬೇಟೆಗೆ ಎಲ್ಲ ಸೇರಿ ಹತ್ತು ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. 2014ರ ಜನವರಿಯಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ನಮೀಬಿಯಾದ ಒಂದು ಕಪ್ಪು ಘೇಂಡಾಮೃಗದ ಪರವಾನಗಿ ಹರಾಜಾದದ್ದು 3,50,000 ಡಾಲರಿಗೆ. ಅಳಿವಿನ ಅಂಚಿನ ಪ್ರಾಣಿ ಎಂದು ಜಗತ್ತೇ ಬೈದಿತು. ಅಲ್ಲಿನ ಸರಕಾರ ಹೇಳಿದ್ದು, ಅದು ಮರಿ ಹುಟ್ಟಿಸದ, ಬೇರೆ ಘೇಂಡಾಗಳನ್ನು ತಿವಿದು ಕೊಲ್ಲುವ ಮುದಿ ಗಂಡು ಎಂದು. ಮರುವರ್ಷ ಅದನ್ನು ಹೊಡೆದರು.

ಎರಡು ದಾರಿಯ ಫಲ ಏನು? ಕೀನ್ಯಾದಲ್ಲಿ 1977ರಿಂದ 2016ರವರೆಗಿನ ಎಣಿಕೆಗಳನ್ನು ನೋಡಿದ ವಿಜ್ಞಾನಿಗಳು ಕಾಡುಪ್ರಾಣಿಗಳ ಸಂಖ್ಯೆ ಸರಾಸರಿ ಶೇ. 68ರಷ್ಟು ಇಳಿದಿದೆ ಎಂದರು. ನಿಷೇಧದಿಂದಲೇ ಇಳಿಯಿತು ಎಂದಲ್ಲ. ಜನ ಹೆಚ್ಚಿದರು, ದನ ಕುರಿ ಹೆಚ್ಚಿದವು, ಬೇಲಿ ಬಂತು, ಬರ ಬಂತು. ಆದರೆ ನಿಷೇಧವೊಂದೇ ಉಳಿಸುವುದಿಲ್ಲ ಎಂಬುದಂತೂ ಖಚಿತ. ದಕ್ಷಿಣ ಆಫ್ರಿಕಾದಲ್ಲಿ ಒಂದು ಕಾಲಕ್ಕೆ ನೂರರೊಳಗೆ ಇಳಿದಿದ್ದ ಬಿಳಿ ಘೇಂಡಾಮೃಗ ಸಾವಿರಗಟ್ಟಲೆ ಆದದ್ದಕ್ಕೆ, ಅವುಗಳನ್ನು ಸಾಕಿದರೆ ಲಾಭವಿದೆ ಎಂದು ಖಾಸಗಿ ಜಮೀನುದಾರರಿಗೆ ಅನ್ನಿಸಿದ್ದೂ ಒಂದು ಕಾರಣ. ನಮ್ಮ ಕುನೋ ಕಾಡಿಗೆ 2022ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಎಂಟು ಚೀತಾಗಳು ಬೇಟೆಗೆ ಪರವಾನಗಿ ಕೊಡುವ ಅದೇ ನಮೀಬಿಯಾದವು ಎಂಬುದನ್ನೂ ನೆನಪಿಡಬೇಕು.

ಹಾಗಂತ ಇದು ಹಾಲು ಜೇನಿನ ಕಥೆಯಲ್ಲ. 2015ರ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿ ಸೆಸಿಲ್ ಎಂಬ ಸಿಂಹ ಅಮೆರಿಕದ ದಂತವೈದ್ಯನೊಬ್ಬನ ಬಾಣಕ್ಕೆ ಸಿಕ್ಕಿತು. ಆಕ್ಸ್‌ಫರ್ಡ್ ಸಂಶೋಧಕರು ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ವರ್ಷಗಳಿಂದ ಗಮನಿಸುತ್ತಿದ್ದ ಸಿಂಹ ಅದು. ಗುಂಪಿನ ಯಜಮಾನ ಸಿಂಹ ಸತ್ತರೆ ಬೇರೆ ಗಂಡು ಬಂದು ಮರಿಗಳನ್ನು ಕೊಲ್ಲುವುದುಂಟು. ಹಾಗಾಗಿ ಒಂದು ಗುಂಡಿನ ಲೆಕ್ಕ ಒಂದಕ್ಕೇ ನಿಲ್ಲುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸಿಂಹಗಳನ್ನು ಕೋಳಿ ಫಾರಂನಂತೆ ಬೇಲಿಯೊಳಗೆ ಸಾಕಿ, ಹಣ ಕೊಟ್ಟವನ ಮುಂದೆ ಬಿಟ್ಟು ಹೊಡೆಸುವ ದಂಧೆಯೂ ಬೆಳೆಯಿತು. ಅದನ್ನು ನನ್ನ ಸಹೋದ್ಯೋಗಿಯೂ ಬೇಟೆ ಎಂದು ಒಪ್ಪುವುದಿಲ್ಲ. ಇನ್ನು ಹಣ. ಆಡಳಿತ ನೆಟ್ಟಗಿಲ್ಲದ ಕಡೆ ಡಾಲರು ರಾಜಧಾನಿಯಲ್ಲೇ ಇಂಗಿಹೋಗಿ, ಹಳ್ಳಿಗೆ ತಲುಪುವುದು ಚಿಲ್ಲರೆ.

ಈಗ ಆನೆಗೆ ಬರೋಣ. ಬೋಟ್ಸ್ವಾನಾದಲ್ಲಿ ಸುಮಾರು 1,30,000 ಆನೆಗಳಿವೆ. ಜಗತ್ತಿನ ಯಾವ ದೇಶದಲ್ಲೂ ಅಷ್ಟಿಲ್ಲ. 2014ರಲ್ಲಿ ಟ್ರೋಫಿ ಬೇಟೆ ನಿಲ್ಲಿಸಿದರು, 2019ರಲ್ಲಿ ಮತ್ತೆ ತೆರೆದರು. ಬೆಳೆ ಕಳೆದುಕೊಂಡ ಹಳ್ಳಿಯವರ ಸಿಟ್ಟು ಅದಕ್ಕೆ ಮುಖ್ಯ ಕಾರಣ. ಬೇಟೆಯ ಟ್ರೋಫಿಗಳ ಆಮದನ್ನು ಬಿಗಿ ಮಾಡುವ ಮಾತು ಜರ್ಮನಿಯಲ್ಲಿ ಎದ್ದಾಗ, 2024ರಲ್ಲಿ ಆಗಿನ ಅಧ್ಯಕ್ಷ ಮಸೀಸಿ, ಹಾಗಾದರೆ 20,000 ಆನೆ ನಿಮಗೇ ಕಳಿಸುತ್ತೇವೆ, ಅವುಗಳ ಜೊತೆ ಬದುಕಿ ನೋಡಿ ಎಂದುಬಿಟ್ಟರು. ಬೆಂಗಳೂರು, ಪುಣೆ, ದೆಹಲಿಯಲ್ಲಿ ಕೂತವರಿಗೆ ಅದು ತಮಾಷೆಯ ಸುದ್ದಿ. ನಮ್ಮ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ನಗಲಿಲ್ಲ. "ಸರಿಯಾಗೇ ಹೇಳಿದಾನೆ ಕಣೋ" ಅಂದರು.

ಚಿಕ್ಕಪ್ಪ ಇರುವುದು ಆಲೂರು ತಾಲ್ಲೂಕಿನಲ್ಲಿ. ಕೊಯ್ಲಿಗೆ ವಾರ ಇರುವಾಗ ಗದ್ದೆಗೆ ಆನೆ ಇಳಿದರೆ ತಿನ್ನುವುದು ಸ್ವಲ್ಪ, ತುಳಿಯುವುದು ಪೂರ್ತಿ. ಪರಿಹಾರದ ಅರ್ಜಿ, ಫೋಟೋ, ಪಹಣಿ ಎಲ್ಲ ಹಿಡಿದು ತಿರುಗಿ, ಬರುವ ಹಣ ಉಳುಮೆಯ ಖರ್ಚಿಗೂ ಸಾಲುವುದಿಲ್ಲ. ಸಂಜೆ ಆರರ ಮೇಲೆ ಚಿಕ್ಕಮ್ಮ ಮೊಮ್ಮಗನನ್ನು ಅಂಗಳಕ್ಕೆ ಬಿಡುವುದಿಲ್ಲ. ಅದೇ ಭಾಗದಿಂದ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಚಿಕ್ಕಪ್ಪ ಒಮ್ಮೆ ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ನೀವೆಲ್ಲ ಆನೆ ನೋಡಕ್ಕೆ ದುಡ್ಡು ಕೊಟ್ಟು ಹೋಗ್ತೀರ. ನಾವು ಆನೆ ನೋಡಿದ್ದಕ್ಕೆ ದುಡ್ಡು ಕಟ್ತಾ ಇದೀವಿ." ಅವರ ಬಳಿಯೂ ಒಂದು ಪಟ್ಟಿಯಿದೆ: ಆನೆ, ಕಾಡುಹಂದಿ, ಮಂಗ, ನವಿಲು. ಇಷ್ಟದ ಪಟ್ಟಿಯಲ್ಲ, ನಷ್ಟದ ಪಟ್ಟಿ.

ಹಾಗಾದರೆ ನಮ್ಮಲ್ಲೂ ಬೇಟೆ ಬಿಡಬೇಕೇ? ಖಂಡಿತ ಬೇಡ. 2023ರ ಎಣಿಕೆಯಲ್ಲಿ ಕರ್ನಾಟಕದ ಆನೆಗಳು 6,395. ದೇಶದಲ್ಲೇ ಹೆಚ್ಚು, ಆದರೆ ಬೋಟ್ಸ್ವಾನಾದ ಮುಂದೆ ಏನೂ ಅಲ್ಲ. ಅಲ್ಲಿ ನಮ್ಮ ರಾಜ್ಯದ ಮೂರರಷ್ಟು ನೆಲ, ಜನ ಮೈಸೂರು ಜಿಲ್ಲೆಗಿಂತಲೂ ಕಡಿಮೆ. ನಮ್ಮ ಕಾಡುಗಳು ಊರು, ತೋಟ, ಹೆದ್ದಾರಿಗಳ ನಡುವೆ ಉಳಿದ ತುಂಡುಗಳು. ಅಲ್ಲಿನ ಪದ್ಧತಿ ಇಲ್ಲಿಗೆ ಒಗ್ಗುವುದಿಲ್ಲ. ಇನ್ನೊಂದು ಮಾತು. ಆನೆ ಚಿಕ್ಕಪ್ಪನ ಗದ್ದೆ ತುಳಿದ ಮರುದಿನವೂ ಮನೆಯ ಗಣಪತಿಗೆ ದೀಪ ಹಚ್ಚುವುದು ನಿಂತಿಲ್ಲ. ಆನೆಗೆ ಗುಂಡು ಹೊಡೆದು ಬಂದ ಹಣವನ್ನು ಮುಟ್ಟಲು ಆ ಮನೆಯಲ್ಲಿ ಯಾರೂ ಒಪ್ಪಲಿಕ್ಕಿಲ್ಲ.

ಆದರೆ ನಮೀಬಿಯಾದವರು ಬಂದೂಕಿಗಿಂತ ಮುಂಚೆ ಒಂದು ಲೆಕ್ಕ ಸರಿಮಾಡಿಕೊಂಡರು. ಪ್ರಾಣಿಯ ಖರ್ಚು ಯಾರ ಹೊಲದಲ್ಲಿ ಬೀಳುತ್ತದೋ ಅದರ ಆದಾಯವೂ ಅದೇ ಹೊಲಕ್ಕೆ ಬರಬೇಕು ಎಂಬ ಲೆಕ್ಕ. ಈ ಲೆಕ್ಕಕ್ಕೆ ಗುಂಡು ಬೇಕಾಗಿಲ್ಲ. ಬಂಡೀಪುರ, ಕಬಿನಿ, ನಾಗರಹೊಳೆಗೆ ನಾವು ಕೊಡುವ ಜೀಪಿನ ಬಾಡಿಗೆ, ರೆಸಾರ್ಟಿನ ಒಂದು ರಾತ್ರಿಯ ಬಿಲ್ಲು, ಇದರಲ್ಲಿ ಒಂದು ಪಾಲು ಕಾಡಂಚಿನ ಗ್ರಾಮ ಪಂಚಾಯಿತಿಗೆ ನೇರವಾಗಿ ಹೋಗುವಂತೆ ಮಾಡಬಹುದು. ಬೆಳೆ ಹೋದ ತಿಂಗಳೊಳಗೆ ಹಣ ಖಾತೆಗೆ ಬೀಳುವ ವ್ಯವಸ್ಥೆ ಬರೆಯುವುದು ನಮ್ಮಂಥ ಸಾಫ್ಟ್‌ವೇರ್‌ನವರಿಗೆ ದೊಡ್ಡ ಕೆಲಸವೂ ಅಲ್ಲ. ಬ್ಯಾಂಕು, ವಿಮೆ ಎಂದು ಹೊರದೇಶದವರಿಗೆ ಇದಕ್ಕಿಂತ ಜಟಿಲವಾದದ್ದನ್ನು ದಿನಾ ಬರೆದುಕೊಡುತ್ತಿದ್ದೇವೆ.

ದಸರಾ ರಜೆಗೆ ನಿಮ್ಮಲ್ಲಿ ಅನೇಕರು ಊರಿನ ಕಡೆ ಹೋಗುತ್ತೀರಿ, ಒಂದು ದಿನ ಕಾಡಿನ ಸಫಾರಿಯೂ ಇರುತ್ತದೆ. ರೆಸಾರ್ಟಿನವರನ್ನು ಒಂದು ಮಾತು ಕೇಳಿ, ಈ ದುಡ್ಡಿನಲ್ಲಿ ಪಕ್ಕದ ಊರಿಗೆ ಎಷ್ಟು ಹೋಗುತ್ತದೆ ಅಂತ. ಸಿಕ್ಕ ಉತ್ತರ ನನಗೆ ಬರೆದು ಕಳಿಸಿ. ಹತ್ತು ಉತ್ತರ ಬಂದರೂ ಸಾಕು, ಈ ಅಂಕಣದಲ್ಲಿ ಹಾಗೆಯೇ ಹಾಕುತ್ತೇನೆ.