ಮೂರು ಸಲ ಕೇಳಿದ ಪ್ರಾರ್ಥನೆ

ಯಾರಾದರೂ ಕಷ್ಟದಲ್ಲಿದ್ದಾಗ ನಾವು ಥಟ್ಟಂತ ಒಂದು ಮಾತು ಹೇಳಿಬಿಡ್ತೀವಿ: 'ಎಲ್ಲ ದೇವರ ಚಿತ್ತ, ಧೈರ್ಯವಾಗಿರಿ.' ಸಾವಿನ ಮನೆಯಲ್ಲಿ, ಐಸಿಯು ಬಾಗಿಲಲ್ಲಿ, ಕೆಲಸ ಕಳೆದುಕೊಂಡವರ ವಾಟ್ಸಾಪ್‌ನಲ್ಲಿ ಇದೇ ಮಾತು. ಮಾತೇನೋ ನಿಜ. ಆದರೆ ಅವಸರದಲ್ಲಿ ಹೇಳಿದರೆ ಅದು ಅಳುವವರ ಬಾಯಿ ಮುಚ್ಚಿಸುತ್ತೆ.

ಯೇಸುವಿಗೇ ಆ ಮಾತು ಸಲೀಸಾಗಿ ಬರಲಿಲ್ಲ. ಮತ್ತಾಯನ ಸುವಾರ್ತೆಯ 26ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಯೆರೂಸಲೇಮಿನ ಆಚೆ, ಎಣ್ಣೆಮರಗಳ ಗುಡ್ಡದ ಬುಡದಲ್ಲಿ ಗೆತ್ಸೇಮನೆ. ಆ ಹೆಸರಿನ ಅರ್ಥ ಎಣ್ಣೆಯ ಗಾಣ, ಕಾಯಿಗಳನ್ನು ಜಜ್ಜಿ ಹಿಂಡುವ ಜಾಗ. ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋದ ಯೇಸು ತನ್ನ ಸಂಕಟವನ್ನು ಅವರ ಮುಂದೆ ಬಚ್ಚಿಡಲಿಲ್ಲ. ಸ್ವಲ್ಪ ಮುಂದೆ ಹೋಗಿ, ನೆಲಕ್ಕೆ ಬಿದ್ದು, ಸಾಧ್ಯವಿದ್ದರೆ ಈ ಪಾತ್ರೆ ತನ್ನಿಂದ ದೂರವಾಗಲಿ ಅಂತ ತಂದೆಯನ್ನು ನೇರವಾಗಿ ಕೇಳಿಕೊಂಡ. 'ನಿನ್ನ ಚಿತ್ತ' ಅನ್ನೋದು ಆ ಬೇಡಿಕೆಯ ಬೆನ್ನಿಗೆ ಬಂತು.

ಎರಡನೇ ಸಲ ಮಾತು ಸ್ವಲ್ಪ ಬದಲಾಗಿದೆ: ಕುಡಿಯದೆ ಬೇರೆ ದಾರಿ ಇಲ್ಲದಿದ್ದರೆ ನಿನ್ನ ಇಷ್ಟದಂತೆ ಆಗಲಿ. ಮೂರನೇ ಸಲವೂ ಅದನ್ನೇ ಹೇಳಿದ. ದೇವರ ಮಗನಿಗೂ ಒಂದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಬೇಕಾಯ್ತು.

ಅಮ್ಮನ ಬಯಾಪ್ಸಿ ರಿಪೋರ್ಟ್‌ಗೆ ಕಾಯುತ್ತಿದ್ದ ದಿನಗಳಲ್ಲಿ ನನ್ನ ಪ್ರಾರ್ಥನೆ ಎರಡೇ ಪದದ್ದು: 'ಬೇಡ, ಸ್ವಾಮಿ.' ಇದು ಅಪನಂಬಿಕೆಯೇನೋ ಅಂತ ಅಳುಕಿತ್ತು. ಈ ಅಧ್ಯಾಯ ಓದಿದ ಮೇಲೆ ಆ ಅಳುಕು ಹೋಯ್ತು. ರಿಪೋರ್ಟ್ ಮಾತ್ರ ನಾವು ಬೇಡಿಕೊಂಡ ಹಾಗೆ ಬರಲಿಲ್ಲ. ಈಗ ಕೀಮೋ ನಡೀತಿದೆ.

ಯೇಸುವಿನ ಪಾತ್ರೆಯೂ ದೂರವಾಗಲಿಲ್ಲ. ಲೂಕನ ಪ್ರಕಾರ, ಬಲ ಕೊಡೋಕೆ ಒಬ್ಬ ದೇವದೂತ ಬಂದ, ಅಷ್ಟೇ. ಆದರೂ ಪ್ರಾರ್ಥನೆ ಮುಗಿಸಿದ ಯೇಸು, ಹಿಡಿಯಲು ಬರುವವರ ಕಡೆಗೆ ತಾನೇ ನಡೆದ. ಹಣೆಬರಹ ಅಂದುಕೊಂಡವರು ಕೈಚೆಲ್ಲಿ ಕೂತುಬಿಡ್ತಾರೆ. ತಂದೆಯ ಕೈಗೆ ಒಪ್ಪಿಸಿದವನಿಗೆ ಎದ್ದು ನಡೆಯುವ ಶಕ್ತಿ ಬಂತು. ಆಸ್ಪತ್ರೆಗೆ ಹೊರಡುವ ಬೆಳಗಿನ ಜಾವ ಅಮ್ಮ ಸೆರಗು ಸರಿಮಾಡಿಕೊಂಡು 'ನಡಿ' ಅಂದಾಗ ನನಗೆ ಅದೇ ಕಾಣುತ್ತೆ.

ಹಾಗಾಗಿ ನಿಮ್ಮ ಪ್ರಾರ್ಥನೆಯಲ್ಲಿ 'ಬೇಡ' ಅನ್ನೋಕೆ ಹೆದರಬೇಡಿ. ಗೆಳೆಯರು ಸಂಕಟದಲ್ಲಿದ್ದರೆ ದೇವರ ಚಿತ್ತದ ಬಗ್ಗೆ ಮೆಸೇಜ್ ಕಳಿಸುವ ಮೊದಲು, ಒಂದು ಗಂಟೆ ಅವರ ಜೊತೆ ಎಚ್ಚರವಾಗಿ ಕೂತುಬಿಡಿ. ಆ ರಾತ್ರಿ ಯೇಸು ಗೆಳೆಯರನ್ನು ಕೇಳಿದ್ದೂ ಅಷ್ಟನ್ನೇ.