ಚಹಾದ ತಳದ ಪಾಠ

ವಿದ್ಯಾರ್ಥಿಗಳೇ, ಮಾಧ್ಯಮ ಓದಲು ತೈವಾನಿಗೆ ಹೊರಟವರು ಅಲ್ಲಿನ ಬಬಲ್ ಟೀಯನ್ನು ಖುಷಿಯಿಂದ ಕುಡಿಯಿರಿ. ತಳದ ಕಪ್ಪು ಗುಂಡುಗಳು ಮರಗೆಣಸಿನ ಪಿಷ್ಟ. ನಮ್ಮ ಸಬ್ಬಕ್ಕಿಯ ಬಳಗ. ಬೇಯುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುವುದರಿಂದ ಜಗಿಯಲು ಹಿತ.

ಇದನ್ನು 1980ರ ದಶಕದಲ್ಲಿ ಮೊದಲು ಮಾಡಿದವರು ಯಾರು? ತೈಚುಂಗ್‌ನ ಚುನ್ ಶುಯಿ ತಾಂಗ್, ತೈನಾನ್‌ನ ಹಾನ್‌ಲಿನ್ ಎಂಬ ಚಹಾ ಅಂಗಡಿಗಳೆರಡೂ ‘ನಾವೇ’ ಎಂದು ನ್ಯಾಯಾಲಯದ ಮೆಟ್ಟಿಲೇರಿದವು. ಯಾರು ಬೇಕಾದರೂ ಮಾಡಬಹುದಾದ ಪಾನೀಯವಿದು, ಮೊದಲಿಗರಾರೆಂಬ ಚರ್ಚೆ ಬೇಕಿಲ್ಲ ಎಂದು 2019ರಲ್ಲಿ ವ್ಯಾಜ್ಯ ಮುಗಿಯಿತು. ಒಬ್ಬರನ್ನಷ್ಟೇ ಕೇಳಿ ಬರೆದರೆ ಅದು ಸುದ್ದಿಯಲ್ಲ, ಜಾಹೀರಾತು.

ಪೋಷಕರೇ, ಏಜೆಂಟರ ಮಾತಿಗೂ ಇದೇ ಅಳತೆ. ತೈಪೆಯ ರಾಷ್ಟ್ರೀಯ ಚೆಂಗ್‌ಚಿ ವಿಶ್ವವಿದ್ಯಾಲಯದಲ್ಲಿ ಸಂವಹನವನ್ನು ಇಂಗ್ಲಿಷಿನಲ್ಲೇ ಓದಬಹುದು, ನಿಜ. ಆದರೆ ಬೀದಿಯ ಸುದ್ದಿ ಸಿಗುವುದು ಮ್ಯಾಂಡರಿನ್‌ನಲ್ಲಿ. ಸಾಲಕ್ಕೆ ಸಹಿ ಹಾಕುವ ಮುನ್ನ ಅಲ್ಲಿ ಓದುತ್ತಿರುವವರನ್ನೂ ಕೇಳಿ.