ಮನೆಯಲ್ಲಿ ಓದುವೆನೆಂದ ಹುಡುಗಿ

ಕಳೆದ ಚೈತ್ರದಲ್ಲಿ ನೆರೆಮನೆಯ 15 ವರ್ಷದ ಹುಡುಗಿಯೊಬ್ಬಳು ನಮ್ಮಲ್ಲಿಗೆ ಬಂದು, "ಮೇಷ್ಟ್ರೇ, ಇನ್ನು ನಾನು ಮನೆಯಲ್ಲಿಯೇ ಓದಬೇಕೆಂದಿದ್ದೇನೆ. ಅಪ್ಪನಿಗೆ ತಾವೊಂದು ಮಾತು ಹೇಳಬೇಕು" ಎಂದಳು. ಬಹುಕಾಲ ಶಾಲೆಯ ಅನ್ನವನ್ನುಂಡ ನಮಗೆ ಈ ಮಾತು ರುಚಿಸಲಿಲ್ಲ. ಆದರೂ ಹಿರಿಯರ ಆಕ್ಷೇಪವೇನೆಂದು ವಿಚಾರಿಸಿದೆವು. ಪರೀಕ್ಷೆಗೆ ಗತಿಯೇನು, ಒಡನಾಡಿಗಳಾರು, ಉತ್ಸಾಹವು ಇಳಿದುಹೋದರೆ ಮಾಡುವುದೇನು ಎಂಬಿವು ಮೂರು.

ಮೊದಲನೆಯದಕ್ಕೆ ಸಮಾಧಾನವುಂಟು. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 14 ವರ್ಷ ತುಂಬಿದವರು ಮನೆಯಲ್ಲಿ ಓದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬಹುದು. 5 ವಿಷಯಗಳಲ್ಲಿ ತೇರ್ಗಡೆಯಾಗತಕ್ಕದ್ದು. ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಬೇಕೆಂಬ ನಿರ್ಬಂಧವಿಲ್ಲ. ಎರಡನೆಯದಕ್ಕೆ, ಸಂಜೆಯ ಸಂಗೀತಪಾಠವನ್ನು ಗೆಳತಿಯರೊಡನೆ ಬಿಡದೆ ನಡೆಸುವುದಾಗಿ ತಾಯಿಗೆ ಮಾತು ಕೊಟ್ಟಳು.

ಮೂರನೆಯದಕ್ಕೆ ವಾದದಿಂದ ಉತ್ತರವಿಲ್ಲ. "ಮಗೂ, ಬೇಸಗೆಯ ರಜೆಯಲ್ಲಿ ಯಾರೂ ಎಬ್ಬಿಸದೆ ಎದ್ದು ಓದು, ಓದಿದ್ದನ್ನು ಪ್ರತಿದಿನವೂ ಬರೆದಿಟ್ಟು ಭಾನುವಾರ ತಂದೆಗೆ ತೋರಿಸು" ಎಂದೆವು.

ಆರು ವಾರಗಳಾದ ಮೇಲೆ ತಂದೆಯವರು ಆ ಪುಸ್ತಕವನ್ನು ಹಿಡಿದು ಬಂದರು. ಅವರು ತೆರೆದು ತೋರಿಸಿದ ಪುಟದಲ್ಲಿ, "ಈ ದಿನ ಏನೂ ಓದಲಿಲ್ಲ. ಕಾರಣ, ಸೋಮಾರಿತನ" ಎಂದಿತ್ತು. "ಮೇಷ್ಟ್ರೇ, ಇದನ್ನು ಮುಚ್ಚಿಡದೆ ನನಗೇ ತೋರಿಸಿದಳಲ್ಲ! ಒಂದು ವರ್ಷ ನೋಡೋಣವೆಂದಿದ್ದೇನೆ" ಎಂದರು.

ಎಲ್ಲ ಮಕ್ಕಳಿಗೂ ಈ ದಾರಿ ಹೊಂದುವುದೆಂದು ನಾವು ಹೇಳುವುದಿಲ್ಲ. ಆದರೆ ಗೃಹಸ್ಥರೇ, ನಿಮ್ಮ ಮಕ್ಕಳು ಇಂತಹ ಮಾತೆತ್ತಿದಾಗ ಗದರಿಸುವ ಮುನ್ನ ಒಂದು ರಜೆಯ ಅವಕಾಶವನ್ನಾದರೂ ಕೊಟ್ಟು ನೋಡಿರಿ.